ನಿಸ್ತಂತು ವಿದ್ಯೆಯ ಪ್ರಥಮ ಪಾಠ

ತಂತಿಯಿಲ್ಲದೆ ಮಾತು ಊರಿಂದೂರಿಗೆ ಹೋಗುವುದೆಂತು ಎಂದು ಮಕ್ಕಳು ಕೇಳಿದರೆ, ಅವರ ಬಾಯಿ ಮುಚ್ಚಿಸದೆ ಸಮಾಧಾನ ಹೇಳುವುದು ಗೃಹಸ್ಥರಿಗೆ ಯುಕ್ತವು. ಹವ್ಯಾಸಕ್ಕಾಗಿ ನಿಸ್ತಂತು ಯಂತ್ರವನ್ನಿಟ್ಟುಕೊಂಡು ಪರಸ್ಪರ ಸಂಭಾಷಿಸುವವರಿಗೆ ‘ಹ್ಯಾಮ್’ ಎಂದು ಹೆಸರು. ಈ ವಿದ್ಯೆಗೆ ಕೈಹಾಕುವ ಎಳೆಯರು ಮೊದಲು ತಿಳಿಯತಕ್ಕ ಕೆಲವು ತತ್ತ್ವಗಳನ್ನು ಇಲ್ಲಿ ಬರೆಯುತ್ತೇವೆ.

ಗೊರೇಬಾಳ, ಸಿಂಧನೂರುಗಳ ಸೀಮೆಯವರಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯೇ ಇದರ ಪಾಠಶಾಲೆ. ನೀರನ್ನು ಮುಂದಕ್ಕೆ ನೂಕುವ ಮಟ್ಟದ ಎತ್ತರದಂತೆ ವಿದ್ಯುತ್ತಿಗೆ ಒತ್ತಡವುಂಟು. ಅದರ ಅಳತೆ ವೋಲ್ಟ್. ಹರಿವಿನ ಅಳತೆ ಆಂಪಿಯರ್. ತೂಬಿನ ಇಕ್ಕಟ್ಟಿನಂತಿರುವ ರೋಧದ ಅಳತೆ ಓಮ್. ಒತ್ತಡವನ್ನು ರೋಧದಿಂದ ಭಾಗಿಸಿದರೆ ಹರಿವು ದೊರೆಯುವುದೆಂದು ಜರ್ಮನಿಯ ಓಮ್ ಎಂಬ ಪಂಡಿತನು 1827ರಲ್ಲಿ ಪ್ರಕಟಿಸಿದನು. 12 ವೋಲ್ಟಿನ ಬ್ಯಾಟರಿಗೆ 6 ಓಮ್ ರೋಧವನ್ನು ಜೋಡಿಸಿದರೆ 2 ಆಂಪಿಯರ್ ಹರಿಯುವುದು. 12ನ್ನು 2ರಿಂದ ಗುಣಿಸಿದರೆ ವ್ಯಯವಾಗುವ ಶಕ್ತಿ 24 ವ್ಯಾಟ್. ಉದ್ದವಾದ ಸಣ್ಣ ತಂತಿಯ ತುದಿಯಲ್ಲಿ ಒತ್ತಡವು ಕುಗ್ಗುತ್ತದೆ. ಆದುದರಿಂದ ಬ್ಯಾಟರಿಯಿಂದ ಯಂತ್ರಕ್ಕೆ ದಪ್ಪನೆಯ ಗಿಡ್ಡ ತಂತಿಯೇ ಲೇಸು.

ಬ್ಯಾಟರಿಯ ಹರಿವು ಏಕಮುಖವಾದುದು. ಮನೆಯ ದೀಪದ ವಿದ್ಯುತ್ತು ಸೆಕೆಂಡಿಗೆ 50 ಸಲ ಹೋಗಿಬರುವುದು. ಈ ಆಂದೋಲನವು ಲಕ್ಷಗಟ್ಟಲೆಗೆ ಏರಿದರೆ ತಂತಿಯಿಂದ ಅಲೆಗಳು ಸುಲಭವಾಗಿ ಹೊರಹೊಮ್ಮುವುವು. ಹರ್ಟ್ಸ್ ಎಂಬಾತನು 1888ರ ಹೊತ್ತಿಗೆ ಇವುಗಳನ್ನು ಪ್ರಯೋಗದಿಂದ ಸ್ಥಾಪಿಸಿದನು. ನಮ್ಮ ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಇವುಗಳಿಂದಲೇ ದೂರದ ಗಂಟೆಯನ್ನು ಬಾರಿಸಿ ತೋರಿಸಿದರು. ಶಬ್ದವು ಆಕಾಶದ ಗುಣವೆಂಬುದು ತಾರ್ಕಿಕರ ಮತ. ಆದರೆ ಇಲ್ಲಿ ಹಾರುವುದು ಶಬ್ದವಲ್ಲ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ, ಈ ಅಲೆ 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಮಾತು ಅಲೆಯನ್ನೇರಿ ಹೋಗುವ ಸವಾರ ಮಾತ್ರ.

300ನ್ನು ಮೆಗಾಹರ್ಟ್ಸಿನ ಸಂಖ್ಯೆಯಿಂದ ಭಾಗಿಸಿದರೆ ಅಲೆಯ ಉದ್ದವು ಮೀಟರುಗಳಲ್ಲಿ ಸಿಗುವುದು. 7 ಮೆಗಾಹರ್ಟ್ಸಿಗೆ ಅದು ಸುಮಾರು 43 ಮೀಟರ್. ಅದರ ಅರ್ಧಕ್ಕಿಂತ ತುಸು ಕಡಿಮೆ, ಎಂದರೆ ಸುಮಾರು 20 ಮೀಟರ್ ತಂತಿಯನ್ನು ನಡುವೆ ಕತ್ತರಿಸಿ ಎತ್ತರದಲ್ಲಿ ಕಟ್ಟಿದರೆ ಒಳ್ಳೆಯ ಏರಿಯಲ್ ಆಯಿತು.

ಇನ್ನು ಬೇಕಾದ ಅಲೆಯನ್ನು ಆರಿಸುವ ಬಗೆ. ಪಂಚಮಿಯ ಜೋಕಾಲಿಯನ್ನು ಅದರ ತಾಳಕ್ಕೆ ಸರಿಯಾಗಿ ನೂಕಿದರೆ ಬೆರಳ ಬಲವೂ ಸಾಕು. ತಾಳ ತಪ್ಪಿದರೆ ತೋಳ್ಬಲವೂ ವ್ಯರ್ಥ. ತಂತಿಯ ಸುರುಳಿ, ಕಂಡೆನ್ಸರ್ ಇವೆರಡೂ ಕೂಡಿದ ಮಂಡಲಕ್ಕೂ ಸ್ವಂತ ತಾಳವುಂಟು. ರೇಡಿಯೋದ ಗುಂಡಿ ತಿರುಗಿಸುವಾಗ ನಾವು ಆ ತಾಳವನ್ನೇ ಬದಲಿಸುತ್ತೇವೆ.

ಅಲ್ಪಬಲವೆಂದು ಹಿಂಜರಿಯಬೇಕಾದುದಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಸ್ವಗೃಹದಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದಾಗ ಅವರ ಪ್ರೇಷಕಯಂತ್ರದ ಬಲ 30 ವ್ಯಾಟ್ ಮಾತ್ರ.

ಆದರೆ ಕುತೂಹಲಕ್ಕೆ ಎಚ್ಚರವು ಜೊತೆಗಿರತಕ್ಕುದು. ಮನೆಯ 230 ವೋಲ್ಟು ಪ್ರಾಣಹಾರಿ. ಎಳೆಯರು ಬ್ಯಾಟರಿಯಿಂದಲೇ ಅಭ್ಯಾಸವನ್ನು ತೊಡಗಲಿ. ಏರಿಯಲ್ಲಿನ ತಂತಿ ಹರಿದು ಬಿದ್ದರೂ ವಿದ್ಯುತ್ ಕಂಬದ ತಂತಿಗೆ ತಾಗದಷ್ಟು ದೂರದಲ್ಲಿರಲಿ. ಗುಡುಗು ಕೇಳುವ ಮೊದಲೇ, ಮೋಡ ಕಟ್ಟಿದಾಗಲೇ ಏರಿಯಲ್ಲನ್ನು ಯಂತ್ರದಿಂದ ಬಿಡಿಸಿಡಬೇಕು. ಆಲಿಸುವುದರಿಂದ ಅಭ್ಯಾಸವು ಮೊದಲಾಗಲಿ. ಮಾತನಾಡಲು ಮಾತ್ರ ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಲೈಸೆನ್ಸು ಪಡೆಯಬೇಕು.

ನೆರೆ ಬಂದು ಕಂಬಗಳುರುಳಿ ದೂರವಾಣಿ ಮೂಕವಾದ ದಿನ, ಒಂದು ಬ್ಯಾಟರಿಯೂ ಇಪ್ಪತ್ತು ಮೀಟರ್ ತಂತಿಯೂ ಒಂದು ಊರಿನ ಮೊರೆಯನ್ನು ಹೊರಗೆ ಮುಟ್ಟಿಸಬಲ್ಲವು. ಅಂದು ಕೈಗೆ ಬರುವ ವಿದ್ಯೆಯನ್ನು ಇಂದೇ ಕಲಿತಿರಬೇಕು.