ನದಿಯ ಗುಂಟ ಹರಡಿದ ನಾಡು ಗ್ಯಾಂಬಿಯಾ

ಆಫ್ರಿಕಾ ಖಂಡದ ಮುಖ್ಯ ಭೂಭಾಗದಲ್ಲಿರುವ ಅತ್ಯಂತ ಚಿಕ್ಕ ರಾಷ್ಟ್ರ ಗ್ಯಾಂಬಿಯಾ. ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ. ಉಳಿದ ಮೂರು ದಿಕ್ಕುಗಳಲ್ಲೂ ಸೆನೆಗಲ್. ಗ್ಯಾಂಬಿಯಾ ನದಿಯ ಇಕ್ಕೆಲಗಳಲ್ಲಿ ಪಟ್ಟಿಯಂತೆ ಚಾಚಿರುವ ಈ ದೇಶದ ವಿಸ್ತೀರ್ಣ ಸುಮಾರು 11,300 ಚದರ ಕಿ.ಮೀ. ಅಗಲ ಹೆಚ್ಚೆಂದರೆ 50 ಕಿ.ಮೀ.

ಈ ವಿಚಿತ್ರ ಆಕಾರಕ್ಕೆ ವಸಾಹತುಶಾಹಿಯೇ ಕಾರಣ. ನದಿಯ ವ್ಯಾಪಾರ ಬ್ರಿಟಿಷರ ಹಿಡಿತದಲ್ಲಿತ್ತು. ಸುತ್ತಲಿನ ಪ್ರದೇಶ ಫ್ರೆಂಚರದಾಗಿತ್ತು. 1889ರ ಒಪ್ಪಂದದಲ್ಲಿ ಇಬ್ಬರೂ ಸೇರಿ ಗಡಿ ಗುರುತಿಸಿದರು. ಒಂದೇ ಭಾಷೆ, ಒಂದೇ ಬಳಗದ ಜನ ಎರಡು ದೇಶಗಳಲ್ಲಿ ಹಂಚಿಹೋದರು. 1965ರ ಫೆಬ್ರುವರಿ 18ರಂದು ಗ್ಯಾಂಬಿಯಾ ಸ್ವತಂತ್ರವಾಯಿತು. 1982ರಲ್ಲಿ ಸೆನೆಗಲ್ ಜತೆ ರಚನೆಯಾದ ಸೆನೆಗಾಂಬಿಯಾ ಒಕ್ಕೂಟ 1989ರಲ್ಲಿ ಮುರಿದುಬಿತ್ತು.

ಸೆನೆಗಲ್‌ನ ಉತ್ತರ ಭಾಗದಿಂದ ದಕ್ಷಿಣದ ಕಾಸಮಾನ್ಸ್‌ಗೆ ನೇರ ದಾರಿಯಲ್ಲಿ ಹೋಗಬೇಕಾದರೆ ಗ್ಯಾಂಬಿಯಾವನ್ನು ದಾಟಲೇಬೇಕು. ನದಿ ದಾಟಲು ವಾಹನಗಳು ದೋಣಿಕಟ್ಟೆಯಲ್ಲಿ ತಾಸುಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯುತ್ತಿದ್ದವು. 2019ರ ಜನವರಿಯಲ್ಲಿ ಫರಾಫೆನ್ನಿ ಬಳಿ ಸುಮಾರು 1.9 ಕಿ.ಮೀ. ಉದ್ದದ ಸೇತುವೆ ಸಂಚಾರಕ್ಕೆ ತೆರೆದುಕೊಂಡ ಬಳಿಕ ಈ ಬವಣೆ ನೀಗಿತು.

ಈಗಿನ ಆತಂಕ ಸಮುದ್ರದ್ದು. ನದೀಮುಖದ ದ್ವೀಪದಲ್ಲಿರುವ ರಾಜಧಾನಿ ಬಾಂಜುಲ್ ಸಮುದ್ರ ಮಟ್ಟಕ್ಕಿಂತ ತುಸುವೇ ಎತ್ತರದಲ್ಲಿದೆ. ಮಳೆಯಿಲ್ಲದ ತಿಂಗಳುಗಳಲ್ಲಿ ಉಪ್ಪುನೀರು ನದಿಯೊಳಗೆ ಬಹುದೂರ ನುಗ್ಗುತ್ತದೆ. ದಂಡೆಯ ಭತ್ತದ ಗದ್ದೆಗಳು, ಅಲ್ಲಿ ದುಡಿಯುವ ಮಹಿಳೆಯರ ಬದುಕು ಅದಕ್ಕೆ ತುತ್ತಾಗುತ್ತಿವೆ. ನಾಡನ್ನು ರೂಪಿಸಿದ ನದಿಯನ್ನು ಕಾಪಾಡಿಕೊಳ್ಳುವುದೇ ಗ್ಯಾಂಬಿಯಾದ ಮುಂದಿರುವ ಸವಾಲು.

ಗ್ಯಾಂಬಿಯಾ: ಪಕ್ಷಿನೋಟ
ರಾಜಧಾನಿ: ಬಾಂಜುಲ್ (1973ರವರೆಗೆ ಬಾಥರ್ಸ್ಟ್)
ಜನಸಂಖ್ಯೆ: ಸುಮಾರು 24 ಲಕ್ಷ (2024ರ ಜನಗಣತಿ)
ಆಡಳಿತ ಭಾಷೆ: ಇಂಗ್ಲಿಷ್
ಆಡುಭಾಷೆಗಳು: ಮಂಡಿಂಕಾ, ಫುಲಾ, ವೊಲೊಫ್ ಮುಂತಾದವು
ನಾಣ್ಯ: ದಲಾಸಿ
ಪ್ರಮುಖ ವಾಣಿಜ್ಯ ಬೆಳೆ: ನೆಲಗಡಲೆ