ಸಾಲ ತೀರಿತು, ಉತಾರದಾಗ ಬೋಜಾ ಹೋಯ್ತೇನ್ರಿ?

ಅನಂತಪುರ, ಅಥಣಿ ಕಡೆಯ ರೈತರೇ, ನಿಮ್ಮ ಉತಾರದ (ಪಹಣಿಯ) 11ನೇ ಕಾಲಂ ನೋಡ್ರಿ. ಪಿಕೆಪಿಎಸ್, ಅಂದ್ರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ್ದೋ ಬ್ಯಾಂಕಿನದ್ದೋ ಹೆಸರು, ಜೊತೆಗೆ ಸಾಲದ ಮೊತ್ತ ಇದ್ರೆ ಅದೇ ಬೋಜಾ. ಹೊಲ ನಿಮ್ಮದೇ, ಬೆಳೆಯೂ ನಿಮ್ಮದೇ. ಆದ್ರೆ ಮಾರಾಕ ಹೋದ್ರೆ, ಬೇರೆ ಬ್ಯಾಂಕಿನ್ಯಾಗ ಸಾಲ ಕೇಳಿದ್ರೆ ಇದು ಅಡ್ಡ ಬರ್ತದ. ತೀರಿಸದೆ ಮಾರಿದ್ರೆ ಬೋಜಾ ಹೊಲದ ಜೊತೆಗೇ ಕೊಂಡವರಿಗೆ ಹೋಗ್ತದ.

ಬಹಳ ಮಂದಿ ಎಡವೋದು ಸಾಲ ತೀರಿದ ಮ್ಯಾಲೆ. ಕಂತು ಮುಗೀತು, ಬೋಜಾ ತಾನಾಗೇ ಹೋಗ್ತದಂತ ಕೂಡಬ್ಯಾಡ್ರಿ. ಬೇಬಾಕಿ ಪತ್ರ ತಗೊಳ್ರಿ, ಬೋಜಾ ಕಡಿಮಿ ಮಾಡಿಸ್ರಿ, ಹೊಸ ಉತಾರ ತೆಗೆಸಿ ಕಣ್ಣಾರೆ ನೋಡ್ರಿ. ಅಪ್ಪ ಎಂದೋ ತೀರಿಸಿದ ಸಾಲ ಮಕ್ಕಳ ವಾಟ್ನಿ (ಆಸ್ತಿ ಪಾಲು) ಹೊತ್ತಿಗೆ ಎದ್ದು ಬಂದ್ರೆ, ಹಳೇ ರಸೀದಿ ಎಲ್ಲಿ ಹುಡುಕ್ತೀರಿ?

ಹೊಲ ಕೊಳ್ಳೋರು ಉಪನೋಂದಣಿ ಕಚೇರಿಯ ಇ.ಸಿ., ಅಂದ್ರೆ ಋಣಭಾರ ಪ್ರಮಾಣಪತ್ರವನ್ನೂ ತೆಗೆಸ್ರಿ. ನೋಂದಣಿಯಾದ ಅಡಮಾನ ಅಲ್ಲಿ ಕಾಣ್ತದ.