ಗಡಿಯಾಚೆ ಅಗ್ಗದ ಕೋವಿ: ತೋಟ ಕಾಯಲು ಹೋಗಿ ಜೈಲು ಸೇರಬೇಡಿ

ಮಂಗಕ್ಕೆ ಯಾವ ಲೈಸೆನ್ಸೂ ಬೇಡ. ಹಾಡುಹಗಲೇ ಮರ ಹತ್ತಿ, ಎಳನೀರಿಗೆ ತೂತು ಕೊರೆದು, ನಾಲ್ಕು ಗುಟುಕು ಕುಡಿದು ಬಿಸಾಕುತ್ತದೆ. ಕತ್ತಲಾದ ಮೇಲೆ ಹಂದಿ ಹಿಂಡಿನ ಸರದಿ. ಮೊನ್ನೆ ಮೊನ್ನೆ ನೆಟ್ಟ ಸಸಿಯ ಬುಡವನ್ನೇ ಬಗೆದು ಹಾಕಿ ಹೋಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲೂಕಿನ ಬಸ್ಸುಗಳಲ್ಲಿ ಕೊಬ್ಬರಿ ರೇಟಿನ ಮಾತು ಮುಗಿದರೆ ಶುರುವಾಗುವುದು ಇದೇ ಗೋಳು. ಗೋಳಿನ ಕೊನೆಗೆ ಯಾರಾದರೊಬ್ಬರು ಕೋವಿಯ ಸುದ್ದಿ ತೆಗೆಯುತ್ತಾರೆ.

“ಗಡಿ ದಾಟಿದ್ರೆ ಅರ್ಧ ರೇಟಿಗೆ ಸಿಗ್ತದಂತೆ ಕಣಣ್ಣ. ದುಡ್ಡು ಕೊಡೋದು, ತರೋದು, ಅಷ್ಟೆ.”

ಆ “ಅಷ್ಟೆ” ಎಂಬ ಒಂದು ಮಾತನ್ನು ನಂಬಿ ಹೋದವನು ತೋಟದ ಬದಲು ಕೋರ್ಟು ಕಾಯಬೇಕಾಗುತ್ತದೆ.

ಮೊದಲು ಕಾಗದ, ಆಮೇಲೆ ಕೋವಿ

ಈ ದೇಶದಲ್ಲಿ ಕೋವಿಯ ವ್ಯವಹಾರವೆಲ್ಲ 1959ರ ಆಯುಧ ಕಾಯ್ದೆಯ ಕೈಯಲ್ಲಿದೆ. ಲೈಸೆನ್ಸ್ ಇಲ್ಲದೆ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಮಾರುವವನಿಗೂ ಬೇರೆ ಲೈಸೆನ್ಸ್ ಬೇಕು. ಈ ಸೀಮೆಯವರು ಅರ್ಜಿ ಹಾಕಬೇಕಾದ್ದು ತುಮಕೂರಿನ ಜಿಲ್ಲಾಧಿಕಾರಿಗಳಿಗೆ. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಪೊಲೀಸರ ವರದಿ ಬರಬೇಕು. 2016ರ ನಿಯಮಗಳು ಬಂದ ಮೇಲೆ ಆಯುಧ ಹಿಡಿಯುವ ತರಬೇತಿಯೂ ಸೇರಿದೆ. 2019ರ ತಿದ್ದುಪಡಿಯಿಂದ ಒಬ್ಬನ ಹೆಸರಿನಲ್ಲಿ ಮೂರಿದ್ದದ್ದು ಎರಡೇ ಕೋವಿಗೆ ಇಳಿದಿದೆ. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ.

ಕಾಯ್ದೆ ರೈತನನ್ನು ಪೂರ್ತಿ ಮರೆತಿಲ್ಲ. ನಿಜವಾಗಿ ಬೆಳೆ ಕಾಯಲು ಬೇಕೆಂದರೆ, ಬಾಯಿಂದ ಮದ್ದು ತುಂಬುವ ಹಳೇ ಮಾದರಿಯ ಕೋವಿಗೆ ಲೈಸೆನ್ಸ್ ಕೊಡಬೇಕೆಂದು 13ನೇ ಕಲಮಿನಲ್ಲೇ ಬರೆದಿದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ಸಾದಾ ನಳಿಗೆಯ ಬಂದೂಕಿಗೂ ಕೊಡಬಹುದು. ದಾರಿ ಉದ್ದ, ಓಡಾಟ ಜಾಸ್ತಿ, ನಿಜ. ಆದರೆ ದಾರಿ ಇದೆ.

ಬೇಲಿ ಕಾಗದದಲ್ಲೇ ಇದೆ

ಈಗ ಗಡಿಯ ಮಾತು. ಪಾವಗಡ, ಮಧುಗಿರಿ ಕಡೆಯಿಂದ ನಾಲ್ಕು ಹೆಜ್ಜೆ ಹಾಕಿದರೆ ಆಂಧ್ರ. ಅಲ್ಲಿಂದ ಸೀರೆ ತಂದಂತೆ, ಶೇಂಗಾ ತಂದಂತೆ ಕೋವಿ ತರಬಹುದೇ? ಕೈಯಲ್ಲಿ ಲೈಸೆನ್ಸ್ ಇದ್ದರೂ ಹಾಗೆ ಆಗುವುದಿಲ್ಲ. ಅದು ಯಾವ ಪ್ರದೇಶದೊಳಗೆ ನಡೆಯುತ್ತದೆ ಎಂದು ಲೈಸೆನ್ಸಿನಲ್ಲೇ ಒಂದು ಕಾಲಂ ಇದೆ. ಅಲ್ಲಿ ಜಿಲ್ಲೆ ಎಂದಿದ್ದರೆ ಜಿಲ್ಲೆ, ರಾಜ್ಯ ಎಂದಿದ್ದರೆ ರಾಜ್ಯ. ಅದರಾಚೆ ಕೋವಿ ಹಿಡಿದು ನಿಂತವನಿಗೆ ಆ ಕಾಗದ ಆಸರೆಯಾಗುವುದಿಲ್ಲ. ಹೊರ ರಾಜ್ಯದ ಅಂಗಡಿಯಲ್ಲೇ ಕೊಳ್ಳಬೇಕೆನ್ನುವವನು ಹೊರಡುವ ಮುಂಚೆ ಲೈಸೆನ್ಸ್ ಕೊಟ್ಟ ಕಚೇರಿಗೆ ಹೋಗಿ, ವ್ಯಾಪ್ತಿಯ ವಿಷಯವನ್ನು ಬರವಣಿಗೆಯಲ್ಲೇ ಇತ್ಯರ್ಥ ಮಾಡಿಕೊಳ್ಳಬೇಕು. ಕೊಳ್ಳಲು ಕೊಟ್ಟ ಗಡುವನ್ನೂ ನೋಡಿಕೊಳ್ಳಬೇಕು.

ಲೈಸೆನ್ಸೇ ಇಲ್ಲದೆ ತಂದರೆ? 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಹೆಚ್ಚೆಂದರೆ 5 ವರ್ಷ ಸಜೆ, ಮೇಲೆ ದಂಡ. ಲೈಸೆನ್ಸಿಲ್ಲದೆ ಮಾಡುವವನಿಗೆ, ಮಾರುವವನಿಗೆ 7 ವರ್ಷಕ್ಕೆ ಕಡಿಮೆ ಇಲ್ಲ. ಊರ ಕುಲುಮೆಯಲ್ಲಿ ಗುಟ್ಟಾಗಿ ಮಾಡಿಸುವ ನಾಡಬಂದೂಕಿಗೂ ಇದೇ ಲೆಕ್ಕ. ಅರ್ಧ ರೇಟಿನ ಕೋವಿಗೆ ಕೊಡಬೇಕಾದ ಪೂರ್ತಿ ರೇಟು ಇದು.

ಅಮೆರಿಕದಲ್ಲೂ ಗಡಿ ಗಡಿಯೇ

“ಅಮೆರಿಕದಲ್ಲಿ ಜಾತ್ರೆ ಮಾಡಿ ಮಾರ್ತಾರಂತಲ್ಲ ಸ್ವಾಮಿ?” ಎಂದು ಕೇಳುವವರಿದ್ದಾರೆ. ಹೌದು, ಮಾರುತ್ತಾರೆ. ದೊಡ್ಡ ಹಾಲಿನಲ್ಲಿ ಮೇಜು ಹಾಕಿ, ಬಳೆ ಅಂಗಡಿಯಂತೆ ಬಂದೂಕು ಹರಡಿ ಕೂರುತ್ತಾರೆ. ಆದರೆ ಅಲ್ಲಿಯೂ 1968ರ ಕಾನೂನು ರಾಜ್ಯದ ಗಡಿಗೆ ಬೇಲಿ ಹಾಕಿದೆ. ಹೊರ ರಾಜ್ಯದವನು ಪಿಸ್ತೂಲು ಕೊಂಡರೆ ಜಾತ್ರೆಯಿಂದ ಕೈಯಲ್ಲಿ ಹಿಡಿದು ಹೊರಡುವಂತಿಲ್ಲ. ಅದು ಅವನ ಸ್ವಂತ ರಾಜ್ಯದ ಲೈಸೆನ್ಸುದಾರ ವ್ಯಾಪಾರಿಯ ಅಂಗಡಿಗೆ ಹೋಗಬೇಕು. ಅಲ್ಲಿ ಅವನ ಪೂರ್ವಾಪರ ತನಿಖೆಯಾದ ಮೇಲೆ ಕೈಗೆ. ಉದ್ದ ನಳಿಗೆಯ ಬಂದೂಕನ್ನು ಲೈಸೆನ್ಸುದಾರ ವ್ಯಾಪಾರಿ ನೇರವಾಗಿ ಕೊಡಬಹುದು, ಆದರೆ ಎರಡೂ ರಾಜ್ಯಗಳ ಕಾನೂನಿಗೆ ಅದು ಒಪ್ಪಿತವಾಗಿರಬೇಕು. ಲೈಸೆನ್ಸಿಲ್ಲದ ಖಾಸಗಿ ಆಸಾಮಿ ಹೊರ ರಾಜ್ಯದವನಿಗೆ ನೇರವಾಗಿ ಮಾರುವುದೇ ಅಪರಾಧ. ಕೋವಿ ಧಾರಾಳವಾಗಿ ಸಿಗುವ ದೇಶದಲ್ಲೇ ಹೀಗೆ!

ಕೊಡಗಿನ ಮಾತು ಬೇರೆ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಬ್ರಿಟಿಷರ ಕಾಲದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. ಅದನ್ನು ತೋರಿಸಿ ತಿಪಟೂರಿನಲ್ಲಿ ವಾದ ಹೂಡಿದರೆ ನಡೆಯದು.

ಅಟ್ಟದ ಮೇಲಿನ ಅಪ್ಪನ ಕೋವಿ

ಇನ್ನೊಂದು ತೊಡಕು ಮನೆಯೊಳಗೇ ಇದೆ. ಕೊಬ್ಬರಿ ಅಟ್ಟದ ಮೂಲೆಯಲ್ಲಿ ಅಪ್ಪನ ಕಾಲದ ಕೋವಿ. ಅಪ್ಪ ಹೋಗಿ ವರ್ಷಗಳಾದವು, ಲೈಸೆನ್ಸ್ ಅವರ ಹೆಸರಲ್ಲೇ ಉಳಿಯಿತು. “ನಮ್ಮಪ್ಪಂದಲ್ವಾ, ನಮ್ದೇ” ಎಂಬ ಧೈರ್ಯ ಬೇಡ. ಜಮೀನಿನ ಹಾಗೆ ಕೋವಿ ತಾನಾಗಿ ಮಗನಿಗೆ ಬರುವುದಿಲ್ಲ. ತಡಮಾಡದೆ ಠಾಣೆಗೋ ಲೈಸೆನ್ಸುದಾರ ವ್ಯಾಪಾರಿಗೋ ಒಪ್ಪಿಸಿ, ವಾರಸುದಾರನೆಂದು ಅರ್ಜಿ ಹಾಕಬೇಕು. ಬದುಕಿದ್ದಾಗಲೇ ಮಾಡುವ ದಾರಿಯೂ ಇದೆ: ಲೈಸೆನ್ಸುದಾರನಿಗೆ 70 ವರ್ಷವಾದರೆ, ಇಲ್ಲವೆ ಕೋವಿ 25 ವರ್ಷ ಅವನಲ್ಲಿದ್ದರೆ, ವಾರಸುದಾರನ ಹೆಸರಿಗೆ ಕೇಳಬಹುದು. ಪಕ್ಕದ ತೋಟದವನಿಗೆ ಮಾರುವುದಾದರೆ ಕೊಳ್ಳುವವನಿಗೂ ಲೈಸೆನ್ಸ್ ಇರಬೇಕು. ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿ 45 ದಿನ ಕಾಯಬೇಕು.

ಕೋವಿ ಇದ್ದರೂ ಕೊಲ್ಲುವಂತಿಲ್ಲ

ಎಲ್ಲ ಕಾಗದ ಸರಿಯಿದೆ, ಕೋವಿ ಬಂತು. ಇನ್ನು ಹೊಡೆಯಬಹುದೇ? ಇಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಂದಿ, ಮಂಗ, ನವಿಲು, ಚಿರತೆ ಎಲ್ಲಕ್ಕೂ ರಕ್ಷಣೆಯಿದೆ. ಮನುಷ್ಯನ ಪ್ರಾಣ ಉಳಿಸಲು ಸದುದ್ದೇಶದಿಂದ ಹೊಡೆದದ್ದಕ್ಕೆ ಮಾಫಿ ಉಂಟು, ಕಾಯಿ ಉಳಿಸಲು ಹೊಡೆದದ್ದಕ್ಕೆ ಇಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅಪ್ಪಣೆಯೇ ಬೇಕು. ಲೈಸೆನ್ಸ್ ಕೊಡುವುದು ಒಂದು ಇಲಾಖೆ, ಅಪ್ಪಣೆ ಕೊಡುವುದು ಇನ್ನೊಂದು. ನಡುವೆ ಓಡಾಡಿ ಸವೆಯುವುದು ರೈತನ ಚಪ್ಪಲಿ. ಬೆಳೆ ಕಾಯಲು ಕೋವಿ ಕೊಟ್ಟು, ಅದನ್ನು ಯಾವಾಗ ಎತ್ತಬಹುದೆಂದು ಊರಿಗೆ ಬಂದು ತಿಳಿಹೇಳುವ ಕೆಲಸ ಎರಡೂ ಕಡೆಯವರು ಸೇರಿ ಮಾಡಿದರೆ ಅರ್ಧ ಗೊಂದಲ ಹೋದೀತು.

ಅಲ್ಲಿಯವರೆಗೆ ಬಸ್ಸಿನಲ್ಲಿ ಸಿಕ್ಕ ಸಲಹೆ ಬಸ್ಸಿನಲ್ಲೇ ಇರಲಿ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗೋಟು ಕಟ್ಟಿದೆಯೋ ಇಲ್ಲವೋ ಹೇಳುವ ಜನ ಇವರು. ಯಾರೋ ಅಗ್ಗದ ಕೋವಿ ತಂದು ಮುಂದಿಟ್ಟಾಗಲೂ ಒಮ್ಮೆ ಅಲ್ಲಾಡಿಸಿ ನೋಡಲಿ. ಒಳಗೆ ಬೇಡಿಯ ಸದ್ದು ಕೇಳೀತು.